ಹೆರಿಗೆಯಲ್ಲಿ ಪೆಟ್ಟಾದ ಮಗುವಿಗೆ ಥೆರಪಿ ಬೇಗ ಶುರು ಮಾಡಿಸುವುದು ಹೇಗೆ: ಮೊದಲ ವಾರದಿಂದ ಮೊದಲ ಹುಟ್ಟುಹಬ್ಬದವರೆಗೆ

ನನ್ನ ಮಗಳು ಹುಟ್ಟಿದಾಗ ಅವಳ ಬಲಗೈ ಆಡುತ್ತಿರಲಿಲ್ಲ. ಎಡಗೈ ಮುಷ್ಟಿ ಕಟ್ಟಿ ಗಾಳಿಯಲ್ಲಿ ಗುದ್ದುತ್ತಿತ್ತು. ಬಲಗೈ ಮಾತ್ರ ಮೈಗೆ ಅಂಟಿಕೊಂಡು, ಮೊಣಕೈ ನೆಟ್ಟಗಾಗಿ, ಅಂಗೈ ಹಿಂದಕ್ಕೆ ತಿರುಗಿ ಸುಮ್ಮನೆ ಬಿದ್ದಿತ್ತು. ಮಗು 3.9 ಕೆಜಿ ಇತ್ತು, ಹೊರಗೆ ಬರುವಾಗ ಭುಜ ಸಿಕ್ಕಿಕೊಂಡಿತ್ತು. ಹೆರಿಗೆ ಆದ ಕಡೆ "ಏನಿಲ್ಲಮ್ಮ, ತಾನಾಗೇ ಸರಿ ಹೋಗುತ್ತೆ, ಮನೇಲಿ ಎಣ್ಣೆ ಹಚ್ಚಿ ನೀವಿ" ಎಂದು ಹೇಳಿ ಕಳಿಸಿದರು. ನಾವು ಐದು ವಾರ ಎಣ್ಣೆ ಹಚ್ಚುತ್ತಾ ಕೂತೆವು.

ಆ ಐದು ವಾರದ ಬಗ್ಗೆ ನನಗೆ ಇವತ್ತಿಗೂ ಸಂಕಟ ಇದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಮಗಳಿಗೆ ಈಗ 8 ವರ್ಷ. ಇಷ್ಟು ವರ್ಷ ಥೆರಪಿ ಕೇಂದ್ರಗಳ ಬೆಂಚಿನ ಮೇಲೆ ಕೂತು, ಬೇರೆ ಅಮ್ಮಂದಿರ ಜೊತೆ ಮಾತಾಡಿ, ಫಿಜಿಯೋ ಮೇಡಂಗಳನ್ನು ಕಾಡಿ ಬೇಡಿ ಕಲಿತದ್ದು ಇಲ್ಲಿದೆ. ನಾನು ಡಾಕ್ಟರ್ ಅಲ್ಲ. ನಿಮ್ಮ ಮಗುವನ್ನು ನೋಡಿದ ಡಾಕ್ಟರ್ ಮಾತೇ ಮೇಲು. ಆದರೆ ಯಾವ ಬಾಗಿಲು ತಟ್ಟಬೇಕು, ಯಾವಾಗ ತಟ್ಟಬೇಕು ಅನ್ನುವುದನ್ನು ಒಬ್ಬ ಅಮ್ಮನಾಗಿ ಹೇಳಬಲ್ಲೆ.

ಎಲ್ಲಕ್ಕಿಂತ ಮೊದಲು ಒಂದು ಮಾತು. ಥೆರಪಿ ಶುರು ಮಾಡಲು ಕಾಯಿಲೆಯ ಹೆಸರು ಬೇಕಿಲ್ಲ. ಅನುಮಾನ ಇದ್ದರೆ ಸಾಕು.

ಎಳೆಯ ಮಿದುಳಿಗೆ ಪೆಟ್ಟಾಗಿ ಮೈಯ ಚಲನೆ ಕುಂದುವುದಕ್ಕೆ ಸೆರೆಬ್ರಲ್ ಪಾಲ್ಸಿ ಎನ್ನುತ್ತಾರೆ. ಅದು ಇದೆಯೋ ಇಲ್ಲವೋ ಎಂದು ಹೇಳಲು ಮೊದಲೆಲ್ಲ ಮಗುವಿಗೆ ಒಂದೂವರೆ, ಎರಡು ವರ್ಷ ಆಗುವ ತನಕ ಕಾಯುತ್ತಿದ್ದರು. ಈಗ ಹಾಗಿಲ್ಲ. ಎಂಆರ್‌ಐ, ಮಗುವಿನ ಚಲನೆಯ ವಿಡಿಯೋ ಪರೀಕ್ಷೆ ಮತ್ತು ನರಗಳ ಪರೀಕ್ಷೆ ಮೂರನ್ನೂ ಸೇರಿಸಿ ನೋಡಿದರೆ ಎಷ್ಟೋ ಮಕ್ಕಳಲ್ಲಿ ಆರು ತಿಂಗಳ ಒಳಗೇ ಸುಳಿವು ಸಿಗುತ್ತದೆ ಎಂದು 2017ರಲ್ಲಿ ಹಲವು ದೇಶಗಳ ತಜ್ಞರು ಸೇರಿ ಬರೆದರು. ಪಕ್ಕಾ ಹೇಳಲು ಆಗದಿದ್ದರೂ "ಅಪಾಯ ಜಾಸ್ತಿ ಇರುವ ಮಗು" ಎಂದು ಬರೆದು ಥೆರಪಿಗೆ ಕಳಿಸಬೇಕು ಅನ್ನುವುದೇ ಅವರ ಮಾತು. "ಒಂದು ವರ್ಷ ನೋಡೋಣ" ಎಂದು ಯಾರಾದರೂ ಹೇಳಿದರೆ, "ನೋಡುತ್ತಾ ಇರೋಣ ಸಾರ್, ಅಲ್ಲಿಯವರೆಗೆ ಥೆರಪಿಗೆ ಬರೆದುಕೊಡಿ" ಎಂದು ಕೇಳಿ. ಕೇಳುವುದು ತಪ್ಪಲ್ಲ.

ಹೆಜ್ಜೆ 1: ಡಿಸ್ಚಾರ್ಜ್ ಆಗುವ ಮುಂಚೆ ಕಾಗದ ಕೈಗೆ ಬರಲಿ

ಬಾಣಂತಿಗೆ ಆ ಹೊತ್ತಲ್ಲಿ ಇದೆಲ್ಲ ಆಗುವ ಮಾತಲ್ಲ. ಮನೆಯ ಇನ್ನೊಬ್ಬರು, ಗಂಡನೋ ಅಣ್ಣನೋ ಚಿಕ್ಕಮ್ಮನೋ, ಈ ಕೆಲಸ ಹೊತ್ತುಕೊಳ್ಳಲಿ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಇವು ಇವೆಯಾ ನೋಡಿ: ಹುಟ್ಟಿದಾಗಿನ ತೂಕ, ಎಷ್ಟನೇ ವಾರದಲ್ಲಿ ಹೆರಿಗೆ, ಮಗು ತಕ್ಷಣ ಅತ್ತಿತಾ, 1 ನಿಮಿಷ ಮತ್ತು 5 ನಿಮಿಷದ ಆಪ್ಗಾರ್ ಅಂಕ (ಉಸಿರು, ಎದೆಬಡಿತ, ಬಣ್ಣ, ಚಲನೆ ನೋಡಿ ಕೊಡುವ ಅಂಕ), ಉಸಿರು ಕೊಡಬೇಕಾಯಿತಾ, ಫಿಟ್ಸ್ ಬಂದಿತ್ತಾ, ಕಾಮಾಲೆ ಎಷ್ಟಕ್ಕೆ ಏರಿತ್ತು, ತಲೆಯ ಸುತ್ತಳತೆ ಎಷ್ಟು, ಇಕ್ಕಳ ಅಥವಾ ವ್ಯಾಕ್ಯೂಮ್ ಹಾಕಿದ್ದರಾ. ತಲೆಯ ಸ್ಕ್ಯಾನ್ ಆಗಿದ್ದರೆ ವರದಿ ಮಾತ್ರ ಸಾಲದು, ಸಿಡಿಯನ್ನೂ ಕೇಳಿ.

ನಮ್ಮ ಸಮ್ಮರಿಯಲ್ಲಿ ಕೈ ಬಗ್ಗೆ ಒಂದು ಸಾಲೂ ಇರಲಿಲ್ಲ. ಮುಂದೆ ಹೋದ ಕಡೆಯೆಲ್ಲ "ಹುಟ್ಟಿದಾಗಿಂದ ಹೀಗೇನಾ, ಆಮೇಲೆ ಬಿದ್ದು ಆಯ್ತಾ?" ಎಂದು ಕೇಳಿದರು. ಅವತ್ತೇ "ಬಲಗೈ ಆಡುತ್ತಿಲ್ಲ ಅಂತ ಬರೆಯಿರಿ" ಎಂದು ಹೇಳಿದ್ದರೆ ಈ ಗೋಳು ಇರುತ್ತಿರಲಿಲ್ಲ.

ಮನೆಗೆ ಬಂದ ಮೇಲೆ ನೆನಪಾಯಿತಾ? ಆಗಲೂ ದಾರಿ ಇದೆ. ವೈದ್ಯರ ವೃತ್ತಿ ನಡವಳಿಕೆಗೆ 2002ರಲ್ಲಿ ಮಾಡಿದ ನಿಯಮದ ಪ್ರಕಾರ ರೋಗಿಯ ಕಡೆಯವರು ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು, ದಾಖಲೆಗಳನ್ನು 3 ವರ್ಷ ಇಟ್ಟುಕೊಂಡಿರಬೇಕು. ಬಿಳಿ ಹಾಳೆಯಲ್ಲಿ ಅರ್ಜಿ ಬರೆದು, ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ. ತಪ್ಪು ಯಾರದು, ದೂರು ಕೊಡಬೇಕಾ ಅನ್ನುವ ಪ್ರಶ್ನೆ ಮನೆಯಲ್ಲಿ ಬಂದೇ ಬರುತ್ತದೆ. ಗ್ರಾಹಕ ಆಯೋಗಕ್ಕೆ ಹೋಗಲು ಸಾಮಾನ್ಯವಾಗಿ 2 ವರ್ಷದ ಗಡುವು ಇದೆ. ಮಗುವಿನ ಮಿದುಳು ಮತ್ತು ನರ ಕಲಿಯುವ ಹೊತ್ತು ಅದಕ್ಕಿಂತ ಬೇಗ ಕಳೆದುಹೋಗುತ್ತದೆ. ಕಾಗದ ಜೋಪಾನ ಮಾಡಿ ಇಡಿ, ಜಗಳ ಆಮೇಲೆ ಆಗಲಿ, ಥೆರಪಿ ಮೊದಲು ಶುರುವಾಗಲಿ.

ಹೆಜ್ಜೆ 2: ಪೆಟ್ಟು ಎಲ್ಲಿ ಎಂದು ತಿಳಿದುಕೊಳ್ಳಿ

ಹೆರಿಗೆಯ ಪೆಟ್ಟು ಎಂದರೆ ಒಂದೇ ಥರ ಅಲ್ಲ. ಕತ್ತಿನ ಕೆಳಗಿನ ಮೂಳೆ ಮುರಿದಿದ್ದರೆ ಅದು ಸಾಮಾನ್ಯವಾಗಿ ಕೆಲವೇ ವಾರದಲ್ಲಿ ಕೂಡಿಕೊಳ್ಳುತ್ತದೆ. ಅದರ ಬಗ್ಗೆ ಜಾಸ್ತಿ ಹೆದರಬೇಕಿಲ್ಲ.

ಕತ್ತಿನಿಂದ ಕೈಗೆ ಇಳಿಯುವ ನರಗಳ ಗುಚ್ಛ ಎಳೆದುಹೋಗಿದ್ದರೆ ಅದಕ್ಕೆ ಎರ್ಬ್ಸ್ ಪಾಲ್ಸಿ ಎನ್ನುತ್ತಾರೆ. ನನ್ನ ಮಗಳಿಗೆ ಆಗಿದ್ದು ಇದೇ. ತುಂಬಾ ಮಕ್ಕಳಲ್ಲಿ ನರ ತಾನೇ ಚೇತರಿಸಿಕೊಳ್ಳುತ್ತದೆ ಅನ್ನುವುದು ನಿಜ. ಆದರೆ ನರ ಚೇತರಿಸುವಷ್ಟರಲ್ಲಿ ಭುಜದ ಕೀಲು ಬಿಗಿದುಕೊಂಡುಬಿಟ್ಟರೆ ಜೀವ ಬಂದ ಕೈಯೂ ಮೇಲೇಳುವುದಿಲ್ಲ. ಥೆರಪಿ ಬೇಕಿರುವುದು ಅದಕ್ಕೆ. ಇಡೀ ಕೈ, ಬೆರಳು ಸಮೇತ ಜೋತು ಬಿದ್ದಿದ್ದರೆ, ಅದೇ ಕಡೆಯ ಕಣ್ಣಿನ ರೆಪ್ಪೆಯೂ ಇಳಿಬಿದ್ದಿದ್ದರೆ ಪೆಟ್ಟು ದೊಡ್ಡದು. ಅಂಥ ಮಗುವನ್ನು ಮೊದಲ ತಿಂಗಳಲ್ಲೇ ನರದ ಸರ್ಜರಿ ಮಾಡುವ ದೊಡ್ಡ ಆಸ್ಪತ್ರೆಗೆ ತೋರಿಸಿ.

ಮೂರನೆಯದು ಮಿದುಳಿಗೆ ಆಮ್ಲಜನಕ ಸಾಲದೆ ಆಗುವ ಪೆಟ್ಟು. "ಮಗು ಹುಟ್ಟಿದ ತಕ್ಷಣ ಅಳಲಿಲ್ಲ" ಎಂದು ನಾವು ಹೇಳುವುದು. ಕಾಗದದಲ್ಲಿ ಎಚ್‌ಐಇ ಎಂದು ಬರೆದು ಪಕ್ಕದಲ್ಲಿ 1, 2 ಅಥವಾ 3 ಎಂದು ಹಂತ ಹಾಕಿರುತ್ತಾರೆ. 2 ಅಥವಾ 3 ಇದ್ದರೆ, ಮಗು ಈಗ ಎಷ್ಟೇ ಚೆನ್ನಾಗಿ ಹಾಲು ಕುಡಿಯುತ್ತಿದ್ದರೂ ತಪಾಸಣೆ ಬಿಡಬೇಡಿ. ರಕ್ತ ಬದಲಾಯಿಸುವಷ್ಟು ಕಾಮಾಲೆ ಏರಿದ್ದ ಮಕ್ಕಳು, ತಲೆಯೊಳಗೆ ರಕ್ತಸ್ರಾವ ಆಗಿದ್ದ ಮಕ್ಕಳಿಗೂ ಇದೇ ಮಾತು.

ಹೆಜ್ಜೆ 3: ಕಿವಿ, ಕಣ್ಣು, ನರ ಮೂರಕ್ಕೂ ದಿನಾಂಕ ಹಾಕಿಕೊಳ್ಳಿ

ಎನ್‌ಐಸಿಯುನಲ್ಲಿ, ಅಂದರೆ ಎಳೆ ಶಿಶುಗಳ ತೀವ್ರ ನಿಗಾ ಘಟಕದಲ್ಲಿ ಇದ್ದ ಮಗುವಿಗೆ ಕಿವಿಯ ಪರೀಕ್ಷೆ ಕಡ್ಡಾಯ ಎಂದೇ ತಿಳಿಯಿರಿ. ಲೆಕ್ಕ ಸುಲಭ: 1 ತಿಂಗಳೊಳಗೆ ಮೊದಲ ಪರೀಕ್ಷೆ, 3 ತಿಂಗಳೊಳಗೆ ಕೇಳುತ್ತದೋ ಇಲ್ಲವೋ ಪಕ್ಕಾ, 6 ತಿಂಗಳೊಳಗೆ ಚಿಕಿತ್ಸೆ. ಕಾಮಾಲೆ ಜಾಸ್ತಿ ಆಗಿದ್ದರೆ ಕಿವಿಯ ನರವನ್ನು ನೋಡುವ ಬೇರಾ ಪರೀಕ್ಷೆಯನ್ನೇ ಕೇಳಿ. ಯಾಕೆಂದರೆ ಅಂಥ ಮಕ್ಕಳಲ್ಲಿ ಕಿವಿ ಸರಿಯಿದ್ದು, ಕಿವಿಯಿಂದ ಮಿದುಳಿಗೆ ಹೋಗುವ ನರ ಕೆಟ್ಟಿರಬಹುದು. ಚಪ್ಪಾಳೆ ತಟ್ಟಿ ನೋಡಿದರೆ ಅದು ಗೊತ್ತಾಗುವುದಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಇರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ, ಎಲ್ಲರ ಬಾಯಲ್ಲಿ ಆಯಿಷ್, 1965ರಿಂದ ಇದೇ ಕೆಲಸ ಮಾಡುತ್ತಿದೆ. ದೂರದ ಜಿಲ್ಲೆಗಳಿಂದಲೂ ಜನ ಮಕ್ಕಳನ್ನು ಎತ್ತಿಕೊಂಡು ಬರುತ್ತಾರೆ.

ತಿಂಗಳು ತುಂಬದೆ ಹುಟ್ಟಿದ್ದರೆ ಕಣ್ಣಿನ ರೆಟಿನಾ ಪರೀಕ್ಷೆ ಡಾಕ್ಟರ್ ಹೇಳಿದ ದಿನವೇ ಆಗಬೇಕು. ಅದಕ್ಕೆ ಒಂದು ವಾರ ತಡವೂ ಜಾಸ್ತಿ.

ನರದ ಪರೀಕ್ಷೆಗೆ 3ರಿಂದ 5 ತಿಂಗಳ ನಡುವಿನ ಹೊತ್ತು ತುಂಬಾ ಮುಖ್ಯ. ಆ ವಯಸ್ಸಲ್ಲಿ ಎಚ್ಚರವಾಗಿ ಅಂಗಾತ ಮಲಗಿದ ಮಗು ಕೈಕಾಲು, ಕತ್ತು, ಮಣಿಕಟ್ಟುಗಳನ್ನೆಲ್ಲ ಸಣ್ಣಸಣ್ಣದಾಗಿ ಅತ್ತಿತ್ತ ಆಡಿಸುತ್ತಲೇ ಇರುತ್ತದೆ. ಕಲಿತವರು ಅದರ ಕೆಲವು ನಿಮಿಷದ ವಿಡಿಯೋ ನೋಡಿಯೇ ಎಷ್ಟೋ ಹೇಳುತ್ತಾರೆ. ಇನ್ನೊಂದು ಹ್ಯಾಮರ್‌ಸ್ಮಿತ್ ಪರೀಕ್ಷೆ, ಚಿಕ್ಕದಾಗಿ ಹೈನ್. 26 ವಿಷಯ ನೋಡಿ 78ಕ್ಕೆ ಅಂಕ ಕೊಡುತ್ತಾರೆ, ಹತ್ತು ನಿಮಿಷದ ಕೆಲಸ, ಯಂತ್ರ ಏನೂ ಬೇಡ. "ಮಗುವಿಗೆ ಹೈನ್ ಸ್ಕೋರ್ ಮಾಡಿದ್ದೀರಾ ಡಾಕ್ಟ್ರೇ?" ಎಂದು ಕೇಳಿ. ಈ ಒಂದು ಪ್ರಶ್ನೆಗೆ ಎದುರಿನವರು ನಿಮ್ಮನ್ನು ನೋಡುವ ರೀತಿಯೇ ಬದಲಾಗುವುದನ್ನು ನಾನು ಕಂಡಿದ್ದೇನೆ.

ಬೇಗ ಹುಟ್ಟಿದ ಮಗುವಿಗೆ ವಯಸ್ಸು ಲೆಕ್ಕ ಹಾಕುವಾಗ ಮುಂಚೆ ಬಂದಷ್ಟು ವಾರ ಕಳೆಯಿರಿ. ಎರಡು ತಿಂಗಳು ಮೊದಲೇ ಹುಟ್ಟಿ ಈಗ ಐದು ತಿಂಗಳಾಗಿದ್ದರೆ, ಬೆಳವಣಿಗೆಯ ಲೆಕ್ಕದಲ್ಲಿ ಅದು ಮೂರು ತಿಂಗಳ ಮಗು.

ಮನೆಯಲ್ಲಿ ನಿಮ್ಮ ಕಣ್ಣಿಗೇ ಬೀಳಬೇಕಾದ ಕೆಲವು ಸಂಗತಿಗಳಿವೆ. ಮೂರು ತಿಂಗಳಾದರೂ ಮುಖ ನೋಡಿ ನಗುತ್ತಿಲ್ಲ. ನಾಲ್ಕು ತಿಂಗಳಾದರೂ ಕತ್ತು ನಿಲ್ಲುತ್ತಿಲ್ಲ, ಹೆಬ್ಬೆರಳು ಒಳಗೆ ಮಡಚಿದ ಮುಷ್ಟಿ ಬಿಚ್ಚುತ್ತಿಲ್ಲ. ಲಂಗೋಟಿ ಬದಲಿಸುವಾಗ ತೊಡೆ ಅಗಲಿಸಲು ಬಿಗಿ. ಹಾಲು ಕುಡಿಯಲು ಪ್ರತಿ ಸಲ ಅರ್ಧ ಗಂಟೆ ಮೇಲೆ ಹಿಡಿಯುತ್ತದೆ, ಕೆಮ್ಮುತ್ತದೆ. ಇನ್ನೊಂದು, ಒಂದು ವರ್ಷದ ಒಳಗೇ ಒಂದೇ ಕೈಯಲ್ಲಿ ಎಲ್ಲ ಹಿಡಿಯುತ್ತದೆ. "ನಮ್ಮ ಪಾಪು ಎಡಚ" ಎಂದು ಮನೆಯವರು ಖುಷಿಪಡುತ್ತಾರೆ. ಅಷ್ಟು ಚಿಕ್ಕ ವಯಸ್ಸಲ್ಲಿ ಎಡಚ ಬಲಚ ಇರುವುದಿಲ್ಲ. ಇನ್ನೊಂದು ಕೈಗೆ ಏನಾಗಿದೆ ಎಂದು ನೋಡಿ.

ಇದನ್ನು ಮಾತ್ರ ದಯವಿಟ್ಟು ಎರಡು ಸಲ ಓದಿ. ಮೂರರಿಂದ ಎಂಟು ತಿಂಗಳ ಮಗು, ಅದರಲ್ಲೂ ನಿದ್ದೆಯಿಂದ ಎದ್ದಾಗ, ತಲೆ ಮುಂದಕ್ಕೆ ಬಾಗಿಸಿ ಎರಡೂ ಕೈ ಚಾಚಿ ಥಟ್ಟನೆ ಬೆಚ್ಚಿದ ಹಾಗೆ ಮಾಡುತ್ತದೆ, ಕೆಲವು ಸೆಕೆಂಡು ಬಿಟ್ಟು ಮತ್ತೆ, ಮತ್ತೆ, ಹೀಗೆ ಸಾಲಾಗಿ. ಮನೆಯಲ್ಲಿ ಇದನ್ನು ಹೊಟ್ಟೆನೋವು ಅನ್ನುತ್ತಾರೆ, ಬಾಲಗ್ರಹ ಎಂದು ತಾಯತ ಕಟ್ಟಿಸುತ್ತಾರೆ. ಇದು ಒಂದು ಬಗೆಯ ಫಿಟ್ಸ್ ಆಗಿರಬಹುದು. ಮಗು ಕಲಿತದ್ದನ್ನೂ ಅದು ಅಳಿಸಿಹಾಕುತ್ತದೆ. ಮೊಬೈಲಿನಲ್ಲಿ ವಿಡಿಯೋ ಮಾಡಿ, ಅದೇ ದಿನ ಮಕ್ಕಳ ಡಾಕ್ಟರಿಗೆ ತೋರಿಸಿ. ಫಿಟ್ಸ್ ಮಾತ್ರೆ ಮೊದಲೇ ನಡೆಯುತ್ತಿದ್ದರೆ ನೀವಾಗಿ ನಿಲ್ಲಿಸಬೇಡಿ.

ಹೆಜ್ಜೆ 4: ಎಲ್ಲಿಗೆ ಹೋಗಬೇಕು

ಸರ್ಕಾರದ ದಾರಿಯಿಂದಲೇ ಶುರು ಮಾಡಿ. ದುಡ್ಡಿದ್ದವರಿಗೂ ನಾನು ಇದನ್ನೇ ಹೇಳುತ್ತೇನೆ, ಯಾಕೆಂದರೆ ಒಂದೇ ಸೂರಿನಡಿ ಇಷ್ಟು ಜನ ಖಾಸಗಿಯಲ್ಲಿ ಸಿಗುವುದು ಕಷ್ಟ.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಿಗೆ. ಎಲ್ಲರೂ ಆರ್‌ಬಿಎಸ್‌ಕೆ ಎನ್ನುತ್ತಾರೆ. ಇದರ ಡಾಕ್ಟರ್ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರುತ್ತದೆ. ಆದರೆ ಎಳೆ ಮಗುವಿಗೆ ಆ ತಂಡ ಬರಲಿ ಎಂದು ಕಾಯಬೇಡಿ. ನೇರವಾಗಿ ಡಿಇಐಸಿಗೆ ಹೋಗಿ. ಮಕ್ಕಳಿಗೆ ಬೇಗ ಥೆರಪಿ ಕೊಡಲೆಂದೇ ಇರುವ ಜಿಲ್ಲಾ ಕೇಂದ್ರ ಅದು. ಜಿಲ್ಲಾ ಆಸ್ಪತ್ರೆಯಲ್ಲೋ, ಅದರ ಜೊತೆಗಿರುವ ಮೆಡಿಕಲ್ ಕಾಲೇಜಿನಲ್ಲೋ ಇರುತ್ತದೆ. ಬೋರ್ಡಿನ ಮೇಲೆ ಏನೇ ಬರೆದಿರಲಿ, "ಡಿಇಐಸಿ ಎಲ್ಲಿ?" ಎಂದು ಕೇಳಿದರೆ ಗೊತ್ತಾಗುತ್ತದೆ. ಮಕ್ಕಳ ಡಾಕ್ಟರ್, ಫಿಜಿಯೋ, ಮಾತು ಮತ್ತು ಕಿವಿಯ ತಜ್ಞರು, ಮನಶ್ಶಾಸ್ತ್ರಜ್ಞರು, ಕಣ್ಣು ನೋಡುವವರು, ವಿಶೇಷ ಶಿಕ್ಷಕರು ಇಷ್ಟೂ ಹುದ್ದೆ ಅಲ್ಲಿ ಇರಬೇಕು. ಕೆಲವು ಕಡೆ ಒಂದೆರಡು ಖಾಲಿ ಇರುತ್ತವೆ. ಹಾಗಿದ್ದರೆ ಅಲ್ಲಿಂದಲೇ ಬೇರೆ ಕಡೆಗೆ ರೆಫರಲ್ ಬರೆಸಿಕೊಳ್ಳಿ. ಸೇವೆಗೆ ದುಡ್ಡು ಕೊಡಬೇಕಿಲ್ಲ.

ಅಲ್ಲಿಗೆ ಸೇರಿಸುವ ಸುಲಭದ ಕೊಂಡಿ ಆಶಾ ಕಾರ್ಯಕರ್ತೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ಅವರು 3, 7, 14, 21, 28 ಮತ್ತು 42ನೇ ದಿನ ಬರಬೇಕು. ಬಂದಾಗ ತೂಕ ನೋಡಿ ಹೋಗಲು ಬಿಡಬೇಡಿ. "ಅಕ್ಕಾ, ಮಗು ಹುಟ್ಟಿದಾಗ ಅಳಲಿಲ್ಲ, ಡಿಇಐಸಿಗೆ ಬರೆಸಿಕೊಡಿ" ಎಂದು ಬಾಯಿಬಿಟ್ಟು ಹೇಳಿ. ಆಶಾ ಸಿಗದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ್ ಹತ್ತಿರ ಚೀಟಿ ಬರೆಸಿ. ಯಾವುದೂ ಆಗದಿದ್ದರೆ ಕಾಗದ ಹಿಡಿದು ನೀವೇ ಹೋಗಿ. ರಾಜ್ಯದ ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿಯೂ ಕೇಳಬಹುದು.

ನಮ್ಮ ಕಡೆ ಒಂದು ತೊಡಕಿದೆ, ಯಾವ ಕರಪತ್ರದಲ್ಲೂ ಇದನ್ನು ಬರೆದಿರುವುದಿಲ್ಲ. ಬಾಣಂತನ ತವರಲ್ಲಿ. ನನ್ನ ತವರು ತಿಪಟೂರು, ಗಂಡನ ಮನೆ ಹಾಸನ. ತಾಯಿ ಕಾರ್ಡ್ ಒಂದು ಕಡೆ, ಮಗು ಇನ್ನೊಂದು ಕಡೆ. ತವರಿನ ಆಶಾ "ನೀವು ನಮ್ಮ ಲಿಸ್ಟಲ್ಲಿ ಇಲ್ಲ" ಎಂದರು, ಹಾಸನದವರಿಗೆ ನಾನು ಊರಲ್ಲಿ ಇಲ್ಲವೆಂದೇ ಗೊತ್ತಿರಲಿಲ್ಲ. ಮೂರನೇ ತಿಂಗಳಲ್ಲೋ ಐದನೇ ತಿಂಗಳಲ್ಲೋ ಮಗುವನ್ನು ಗಂಡನ ಮನೆಗೆ ಕರೆತರುವಾಗ ಥೆರಪಿ ಮತ್ತೆ ತುಂಡಾಗುತ್ತದೆ. ಥೆರಪಿಗೆ ಆ ತಿಂಗಳುಗಳೇ ಎಲ್ಲಕ್ಕಿಂತ ಮುಖ್ಯ, ಅಲ್ವಾ? ಆದ್ದರಿಂದ ಎರಡೂ ಊರಿನ ಆಶಾ ನಂಬರ್ ಇಟ್ಟುಕೊಳ್ಳಿ. ತವರಿನ ಜಿಲ್ಲೆಯಲ್ಲಿ ಥೆರಪಿ ಶುರು ಮಾಡಿ. ಹೊರಡುವ ವಾರದ ಮುಂಚೆ ಅಲ್ಲಿಯ ಫಿಜಿಯೋ ಕೈಯಲ್ಲಿ ಮಾಡಿದ್ದೆಲ್ಲ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಒಳ್ಳೆ ದಿನ ನೋಡಿ ಹೊರಡುವುದು ಸರಿ, ಆ ದಿನ ತಪಾಸಣೆಯ ದಿನಕ್ಕೆ ಅಡ್ಡ ಬರದಿರಲಿ.

ಬೆಂಗಳೂರಿನ ಹತ್ತಿರ ಇದ್ದರೆ ಇನ್ನಷ್ಟು ದಾರಿಗಳಿವೆ. ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಮಕ್ಕಳದ್ದೇ ಸರ್ಕಾರಿ ಆಸ್ಪತ್ರೆ. ಫಿಟ್ಸ್ ಮತ್ತು ನರದ ತೊಂದರೆಗೆ ನಿಮ್ಹಾನ್ಸ್ ಇದೆ. ಸೆರೆಬ್ರಲ್ ಪಾಲ್ಸಿ ಮಕ್ಕಳಿಗಾಗಿ 1980ರಲ್ಲಿ ಶುರುವಾದ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಇಂದಿರಾನಗರದಲ್ಲಿದೆ. 1959ರಲ್ಲಿ ಎನ್.ಎಸ್. ಹೇಮಾ ಅವರು ಅಂಗವಿಕಲರಿಗಾಗಿ ಕಟ್ಟಿದ ಎಪಿಡಿ ಸಂಸ್ಥೆ ಲಿಂಗರಾಜಪುರದಲ್ಲಿದೆ. ಸ್ಪ್ಲಿಂಟ್ (ಕೈಕಾಲಿಗೆ ಕಟ್ಟುವ ಆಸರೆ), ವಿಶೇಷ ಕುರ್ಚಿಯಂಥವು ಬೇಕಾದಾಗ ಮೊಬಿಲಿಟಿ ಇಂಡಿಯಾದಲ್ಲಿ ವಿಚಾರಿಸಬಹುದು. ದೂರದ ಊರಿನವರು ವಾರಕ್ಕೆ ಮೂರು ಸಲ ಇಲ್ಲಿಗೆ ಬರಲು ಆಗುವುದಿಲ್ಲ. ಎರಡು ಮೂರು ತಿಂಗಳಿಗೊಮ್ಮೆ ದೊಡ್ಡ ಕಡೆ ತೋರಿಸಿ, ವಾರದ ಥೆರಪಿ ಹತ್ತಿರದಲ್ಲೇ ಮಾಡಿಸುವುದು ಎಷ್ಟೋ ಮನೆಗಳಲ್ಲಿ ನಡೆದುಬಂದಿದೆ.

ಹೆಜ್ಜೆ 5: ಮೊದಲ ಭೇಟಿಯ ದಿನ

ಮಗುವಿನ ಹೊಟ್ಟೆ ತುಂಬಿ, ಒಂದು ನಿದ್ದೆ ಆದ ಹೊತ್ತಿಗೆ ಅಲ್ಲಿರಿ. ಹಸಿದ ಮಗು ಮೈ ಬಿಗಿಹಿಡಿದು ಅಳುತ್ತದೆ, ಪರೀಕ್ಷೆ ಸರಿಯಾಗಿ ಆಗುವುದಿಲ್ಲ. ಸುಲಭವಾಗಿ ಬಿಚ್ಚುವ ಬಟ್ಟೆ ಹಾಕಿ. ಮನೆಯಲ್ಲಿ ತೆಗೆದ ಎರಡು ಮೂರು ಸಣ್ಣ ವಿಡಿಯೋ ಇರಲಿ: ಅಂಗಾತ ಮಲಗಿ ಆಡುವುದು, ಹಾಲು ಕುಡಿಯುವುದು, ನಿಮಗೆ ಅನುಮಾನ ಬಂದ ಯಾವುದೇ ಚಲನೆ.

ಸಾಧ್ಯವಾದರೆ ಮಗುವಿನ ಅಪ್ಪ ಬರಲಿ, ಇಲ್ಲವೇ ಮನೆಯಲ್ಲಿ ಮಗುವನ್ನು ಜಾಸ್ತಿ ಹೊತ್ತು ಎತ್ತಿಕೊಳ್ಳುವ ಅಜ್ಜಿ ಬರಲಿ. ನಾನು ಕಲಿತು ಬಂದು ಅಮ್ಮನಿಗೆ ಹೇಳಿದಾಗ ಅವರು ಒಪ್ಪಲಿಲ್ಲ. ಫಿಜಿಯೋ ಮೇಡಂ ಅಮ್ಮನ ಕೈ ಹಿಡಿದು, "ಅಜ್ಜಿ, ಇಲ್ಲಿ ಮುಟ್ಟಿ ನೋಡಿ, ಭುಜದ ಹಿಂದಿನ ಈ ಮೂಳೆ ಜೊತೇಲೇ ಬರ್ತಿದೆಯಲ್ಲಾ, ಇದನ್ನ ಹಿಡ್ಕೊಂಡು ಕೈ ಎತ್ತಬೇಕು" ಎಂದು ತೋರಿಸಿದ ದಿನದಿಂದ ಅಮ್ಮ ನನಗಿಂತ ಚೆನ್ನಾಗಿ ಮಾಡಿದರು.

ಹೊರಡುವ ಮುಂಚೆ ಇಷ್ಟು ಕೇಳಿ: ಮುಂದಿನ ಒಂದು ತಿಂಗಳಲ್ಲಿ ಮಗು ಏನು ಮಾಡುವಂತಾಗಲಿ ಎಂದು ಹೊರಟಿದ್ದೇವೆ? ಮನೆಯಲ್ಲಿ ದಿನಕ್ಕೆ ಎಷ್ಟು ಸಲ? ಏನು ಮಾಡಬಾರದು? ಮುಂದಿನ ಭೇಟಿ ಯಾವಾಗ? ಅವರು ತೋರಿಸುವಾಗ ವಿಡಿಯೋ ಮಾಡಿಕೊಳ್ಳಬಹುದಾ ಎಂದು ಕೇಳಿ ಮಾಡಿಕೊಳ್ಳಿ. ಆಮೇಲೆ ನೀವು ಅವರೆದುರೇ ಒಂದು ಸಲ ಮಾಡಿ ತೋರಿಸಿ. ತಪ್ಪು ಅಲ್ಲೇ ಸರಿ ಹೋಗುತ್ತದೆ.

ಹೆಜ್ಜೆ 6: ಮನೆಯಲ್ಲಿ ಪ್ರತಿ ದಿನ

ವಾರಕ್ಕೆ ಎರಡು ಸಲ ಅರ್ಧ ಗಂಟೆ ಥೆರಪಿ ಸಿಗುತ್ತದೆ. ಉಳಿದ ಹೊತ್ತೆಲ್ಲ ಮಗು ನಿಮ್ಮ ಕೈಯಲ್ಲಿದೆ. ಹಾಗೆಂದು ಮನೆಯನ್ನು ಆಸ್ಪತ್ರೆ ಮಾಡಬೇಕಿಲ್ಲ. ಎತ್ತಿಕೊಳ್ಳುವುದು, ಬಟ್ಟೆ ಹಾಕುವುದು, ಸ್ನಾನ, ಹಾಲು, ಆಟ ಇವನ್ನೇ ಸರಿಯಾದ ರೀತಿಯಲ್ಲಿ ಮಾಡಿದರೆ ಸಾಕು.

ಕೈಯ ನರಕ್ಕೆ ಪೆಟ್ಟಾಗಿದ್ದರೆ: ಮೊದಲ ಒಂದು ವಾರ, ಹತ್ತು ದಿನ ಕೈಗೆ ವಿಶ್ರಾಂತಿ. ಡಾಕ್ಟರ್ ಹೇಳಿದ ಮೇಲೆಯೇ ವ್ಯಾಯಾಮ. ಕಂಕುಳಿಗೆ ಕೈ ಹಾಕಿ ಮಗುವನ್ನು ಎತ್ತಬೇಡಿ, ಒಂದು ಕೈ ತಲೆಯ ಕೆಳಗೆ, ಇನ್ನೊಂದು ಕುಂಡಿಯ ಕೆಳಗೆ ಇರಲಿ. ಅಂಗಿ ಹಾಕುವಾಗ ಪೆಟ್ಟಾದ ಕೈ ಮೊದಲು, ತೆಗೆಯುವಾಗ ಆ ಕೈ ಕೊನೆಗೆ. ಮಲಗಿಸಿದಾಗ ಕೈ ಹಿಂದಕ್ಕೆ ಜೋತು ಬೀಳದಂತೆ ಪಕ್ಕದಲ್ಲಿ ಮಡಚಿದ ಬಟ್ಟೆ ಇಡುವುದನ್ನು ಥೆರಪಿಸ್ಟ್ ಹತ್ತಿರ ಕೇಳಿ ಕಲಿಯಿರಿ.

ನಮಗೆ ಹೇಳಿಕೊಟ್ಟ ಒಂದು ವ್ಯಾಯಾಮ ಹೀಗಿತ್ತು. ಮಗು ಅಂಗಾತ. ಎರಡೂ ಮೊಣಕೈ ಪಕ್ಕೆಗೆ ತಾಗಿ, ಮಡಚಿ. ಆ ಮೊಣಕೈ ಪಕ್ಕೆ ಬಿಡದಂತೆ, ಮುಂಗೈ ಎರಡನ್ನೂ ನಿಧಾನವಾಗಿ ಹೊರಕ್ಕೆ, ಪುಸ್ತಕ ತೆರೆದ ಹಾಗೆ ತೆರೆಯುವುದು. ಹತ್ತು ಎಣಿಸುವ ತನಕ ಹಾಗೇ ಹಿಡಿಯುವುದು. ಪ್ರತಿ ಸಲ ಲಂಗೋಟಿ ಬದಲಿಸುವಾಗ ನಾಲ್ಕೈದು ಬಾರಿ. ಎಣಿಸುವ ಬದಲು ನಾನು ಮಗ್ಗಿ ಹೇಳುತ್ತಿದ್ದೆ, ಅವಳು ಬಾಯಿ ನೋಡುತ್ತಾ ಸುಮ್ಮನಿರುತ್ತಿದ್ದಳು. ನಿಮ್ಮ ಮಗುವಿಗೆ ಯಾವುದು ಸರಿ ಎಂದು ಕೈ ನೋಡಿದವರೇ ಹೇಳಬೇಕು.

ಸ್ನಾನದ ವಿಷಯ ಬೇರೆಯಾಗಿಯೇ ಹೇಳಬೇಕು. ನಮ್ಮಲ್ಲಿ ಎರೆಯುವಾಕೆ ಬರುತ್ತಾರೆ. ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಹಾಕಿಕೊಂಡು, ಎಣ್ಣೆ ತಿಕ್ಕಿ, ಎರಡೂ ಕೈ ಎದೆಯ ಮೇಲೆ ಕತ್ತರಿ ಹಾಕಿ ಎಳೆದು, ಕಾಲನ್ನು ತಲೆಗೆ ಮುಟ್ಟಿಸಿ, ಸುಡುಸುಡು ನೀರು ಹಾಕುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಎಳೆದುಹೋದ ನರದ ಕೈಯನ್ನು ಹಾಗೆ ಎಳೆಯಬಾರದು. ಆ ಕೈಗೆ ಬಿಸಿಯೂ ಸರಿಯಾಗಿ ಗೊತ್ತಾಗದಿರಬಹುದು, ಸುಟ್ಟರೂ ಮಗು ಅಳುವುದಿಲ್ಲ. ನೀರಿಗೆ ನಿಮ್ಮ ಮೊಣಕೈ ಅದ್ದಿ ನೋಡಿ. ಎರೆಯುವಾಕೆಗೆ ಮರ್ಯಾದೆಯಿಂದಲೇ "ಅಮ್ಮಾ, ಈ ಕೈ ಮುಟ್ಟಬೇಡಿ, ಇದನ್ನ ನಾನು ತೊಳೀತೀನಿ" ಎಂದು ಹೇಳಿ. ಮೆದುವಾಗಿ ಎಣ್ಣೆ ಹಚ್ಚಿದರೆ ಕೆಡುಕಿಲ್ಲ. ಅದನ್ನೇ ಚಿಕಿತ್ಸೆ ಎಂದುಕೊಂಡು ಕೂತದ್ದು ನಮ್ಮ ತಪ್ಪು.

ಮೂರು ತಿಂಗಳು ತುಂಬಿದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅಷ್ಟರಲ್ಲಿ ಮಗು ಮೊಣಕೈ ಮಡಚಿ ಕೈಯನ್ನು ಬಾಯಿಯ ಕಡೆಗೆ ತರುತ್ತಿದೆಯಾ? ಇಲ್ಲದಿದ್ದರೆ "ಇನ್ನೂ ನೋಡೋಣ" ಅನ್ನುವುದು ಬೇಡ. ನರದ ಸರ್ಜರಿ ಮಾಡುವವರ ಅಭಿಪ್ರಾಯ ಆಗಲೇ ಬೇಕು. ಸರ್ಜರಿ ಬೇಕಾದ ಮಕ್ಕಳಿಗೆ ಅದನ್ನು ಸಾಮಾನ್ಯವಾಗಿ ಮೊದಲ ವರ್ಷದೊಳಗೆ ಮಾಡುತ್ತಾರೆ. ವರ್ಷಗಟ್ಟಲೆ ಬಿಟ್ಟರೆ ಸ್ನಾಯುವೇ ಸೊರಗಿಹೋಗಿರುತ್ತದೆ. ಮಗಳು ಎಂಬತ್ತನೇ ದಿನ ಮೊಣಕೈ ಮಡಚಿದಳು. ಹೆಬ್ಬೆರಳು ಮೂಗಿಗೆ ತಾಗಿತು, ಬಾಯಿ ಸಿಗಲಿಲ್ಲ. ನಾವು ಮೂರು ಜನ ತೊಟ್ಟಿಲ ಸುತ್ತ ನಿಂತು ಅತ್ತೆವು.

ಮಿದುಳಿಗೆ ಪೆಟ್ಟಾಗಿದ್ದರೆ: ಎಚ್ಚರವಾಗಿರುವಾಗ, ನೀವು ಎದುರಿಗೆ ಇರುವಾಗ, ದಿನಕ್ಕೆ ಹಲವು ಸಲ ಬೋರಲು ಮಲಗಿಸಿ. ಮೊದಮೊದಲು ಒಂದೊಂದೇ ನಿಮಿಷ. ಎದೆಯ ಕೆಳಗೆ ಸುತ್ತಿದ ಟವೆಲ್ ಇಟ್ಟರೆ ತಲೆ ಎತ್ತಲು ಸುಲಭ. ಎದುರಿಗೆ ಹೊಳೆಯುವ ಸ್ಟೀಲ್ ತಟ್ಟೆ ನಿಲ್ಲಿಸಿ, ತನ್ನ ಮುಖವನ್ನೇ ನೋಡಿ ಮಗು ಕತ್ತು ಎತ್ತುತ್ತದೆ. ನಿದ್ದೆಗೆ ಮಲಗಿಸುವಾಗ ಮಾತ್ರ ಯಾವತ್ತೂ ಅಂಗಾತ. ಕೈಕಾಲು ಆಡದಂತೆ ಬಿಗಿಯಾಗಿ ಬಟ್ಟೆ ಸುತ್ತಿ ಗಂಟೆಗಟ್ಟಲೆ ಬಿಡಬೇಡಿ. ಮೈ ಬಿಲ್ಲಿನ ಹಾಗೆ ಹಿಂದಕ್ಕೆ ಬಾಗುವ ಮಗುವನ್ನು ತೊಡೆ ಮಡಚಿ, ಕೈಗಳು ಮುಂದೆ ಬರುವಂತೆ ಎತ್ತಿಕೊಳ್ಳಿ.

ಇಲ್ಲೊಂದು ಮಾತು ಜನ ತಪ್ಪು ತಿಳಿಯುತ್ತಾರೆ. ನಾವು ಮಗುವಿನ ಕೈಕಾಲು ಹಿಡಿದು ಮಡಚಿ ಬಿಡಿಸುವುದರಿಂದ ಮಿದುಳು ಕಲಿಯುವುದು ಕಡಿಮೆ. ಮಗು ತಾನೇ ಬೇಕೆಂದು ಕೈ ಚಾಚಿದಾಗ ಕಲಿಯುತ್ತದೆ. ಗಿಲಕಿಯನ್ನು ಕೈಗೆ ತುರುಕಬೇಡಿ. ಇನ್ನೊಂದು ಚೂರು ಚಾಚಿದರೆ ಸಿಗುವಷ್ಟು ದೂರದಲ್ಲಿ ಹಿಡಿದು ಕಾಯಿರಿ. ಪೆಟ್ಟಾದ ಮಗುವಿಗೆ ನಿಧಾನ ಜಾಸ್ತಿ, ಕಾಯುವುದೇ ಕಷ್ಟದ ಕೆಲಸ. ಒಂದು ಕಡೆಯ ಕೈ ಸೋತಿದ್ದರೆ, ಚೆನ್ನಾಗಿರುವ ಕೈಗೆ ಸ್ವಲ್ಪ ಹೊತ್ತು ಮೆತ್ತನೆಯ ಚೀಲ ಹಾಕಿ ಸೋತ ಕೈಯಲ್ಲಿ ಆಡಿಸುವ ವಿಧಾನವೂ ಇದೆ. ಅದನ್ನು ಥೆರಪಿಸ್ಟ್ ಹೇಳಿದ ಲೆಕ್ಕದಲ್ಲೇ ಮಾಡಿ.

ಹಾಲು ಕುಡಿಯುವಾಗ ಕೆಮ್ಮು, ನೀಲಿಗಟ್ಟುವುದು, ತೂಕ ಏರದಿರುವುದು ಇದ್ದರೆ ಅದೂ ಥೆರಪಿಯ ಕೆಲಸವೇ. ನುಂಗುವುದನ್ನು ನೋಡುವ ತಜ್ಞರನ್ನು ಕೇಳಿ. ಅಂಗಾತ ಮಲಗಿಸಿ ಒಳಲೆಯಲ್ಲಿ ಹೊಯ್ಯಬೇಡಿ, ಶ್ವಾಸಕ್ಕೆ ಇಳಿಯುತ್ತದೆ.

ಹೆಜ್ಜೆ 7: ಯಾವುದಕ್ಕೆ "ಬೇಡ" ಅನ್ನಬೇಕು

ಮಗು ನೋವಿನಿಂದ ಕಿರುಚುವಷ್ಟು ಎಳೆಯುವ ಯಾರ ಹತ್ತಿರವೂ ಎರಡನೇ ಸಲ ಹೋಗಬೇಡಿ. ಬಾಗಿಲು ಹಾಕಿಕೊಂಡು "ಅಮ್ಮ ಹೊರಗಿರಿ" ಎನ್ನುವ ಕಡೆಗೂ ಬೇಡ. ಅಮ್ಮನಿಗೆ ಕಲಿಸುವವರೇ ಒಳ್ಳೆ ಥೆರಪಿಸ್ಟ್. ಚಕ್ರದ ವಾಕರ್‌ನಲ್ಲಿ ನಿಲ್ಲಿಸಬೇಡಿ.

ಸ್ಟೆಮ್ ಸೆಲ್ ಎಂದು ಲಕ್ಷಗಟ್ಟಲೆ ಕೇಳುವವರಿದ್ದಾರೆ. ಸೆರೆಬ್ರಲ್ ಪಾಲ್ಸಿಗೆ ಅದನ್ನು ಚಿಕಿತ್ಸೆಯಾಗಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಒಪ್ಪಿಲ್ಲ. ಹೊಲ ಮಾರಿ ಆ ದುಡ್ಡು ಕೊಟ್ಟವರನ್ನು ಬೆಂಚಿನ ಮೇಲೆ ಭೇಟಿಯಾಗಿದ್ದೇನೆ. ಆ ಅಪ್ಪನ ಮುಖ ಮರೆಯಲು ಆಗುವುದಿಲ್ಲ.

2019ರ ಡಿಸೆಂಬರ್ 26ರಂದು ಸೂರ್ಯಗ್ರಹಣ. ಕಲಬುರಗಿ ಹತ್ತಿರದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕತ್ತಿನವರೆಗೆ ಮಣ್ಣಲ್ಲಿ ಹೂತಿಟ್ಟ ಚಿತ್ರವನ್ನು ನೀವೂ ಪೇಪರಿನಲ್ಲಿ ನೋಡಿರುತ್ತೀರಿ. ಆ ಅಪ್ಪ ಅಮ್ಮಂದಿರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಮಗು ಎದ್ದು ನಡೆಯಲಿ ಅನ್ನುವ ಆಸೆಯೇ ಅವರನ್ನು ಅಲ್ಲಿಗೆ ಕರೆದೊಯ್ದದ್ದು. ನಿಮ್ಮ ಊರಲ್ಲಿ ಅಂಥ ಮಗು ಇದ್ದರೆ ಡಿಇಐಸಿ ಎಲ್ಲಿದೆ ಎಂದು ಅವರಿಗೆ ಹೇಳಿ. ಸಾಧ್ಯವಾದರೆ ಜೊತೆಯಲ್ಲಿ ಹೋಗಿ ಬನ್ನಿ.

ಹೆಜ್ಜೆ 8: ಕಾರ್ಡು, ವಿಮೆ

ಥೆರಪಿಗೆ ಅಂಗವಿಕಲರ ಕಾರ್ಡು ಬೇಕಿಲ್ಲ. ಅದಿಲ್ಲದೆಯೂ ಡಿಇಐಸಿ ನೋಡಬೇಕು. ಆದರೆ ತೊಂದರೆ ಉಳಿಯುತ್ತದೆ ಎಂದು ಡಾಕ್ಟರ್ ಹೇಳಿದರೆ ಆ ಕಾರ್ಡಿಗೆ, ಅಂದರೆ ಯುಡಿಐಡಿಗೆ, ಆನ್‌ಲೈನ್ ಅರ್ಜಿ ಹಾಕಿ. ಆಧಾರ್, ಫೋಟೋ, ಆಸ್ಪತ್ರೆ ಕಾಗದ ಬೇಕು. ಆಮೇಲೆ ಆಸ್ಪತ್ರೆಯ ವೈದ್ಯರು ನೋಡಿ ಶೇಕಡಾವಾರು ಬರೆಯುತ್ತಾರೆ. ಎಳೆ ಮಕ್ಕಳಿಗೆ ಸಾಮಾನ್ಯವಾಗಿ ತಾತ್ಕಾಲಿಕ ಪ್ರಮಾಣಪತ್ರ ಸಿಗುತ್ತದೆ, ಮುಂದೆ ಮತ್ತೆ ನೋಡುತ್ತಾರೆ. ಹೆಚ್ಚಿನ ಸೌಲಭ್ಯಗಳಿಗೆ 40% ಇರಬೇಕು. ಸೆರೆಬ್ರಲ್ ಪಾಲ್ಸಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಒಂದು.

ಸೆರೆಬ್ರಲ್ ಪಾಲ್ಸಿ ಎಂದು ಪ್ರಮಾಣಪತ್ರ ಇದ್ದರೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆ ಮಾಡಿಸಿ. ವರ್ಷಕ್ಕೆ 1 ಲಕ್ಷದವರೆಗೆ, ಥೆರಪಿ ಖರ್ಚೂ ಇದರಲ್ಲಿ ಸೇರುತ್ತದೆ. ರಸೀದಿ ಕಳಿಸಿ ದುಡ್ಡು ವಾಪಸ್ ಪಡೆಯುವ ಕ್ರಮ, ಆದ್ದರಿಂದ ಒಂದು ಚೀಟಿಯನ್ನೂ ಎಸೆಯಬೇಡಿ. ಬರೀ ಎರ್ಬ್ಸ್ ಪಾಲ್ಸಿ ಇರುವ ಮಕ್ಕಳಿಗೆ ಇದು ಸಿಗುವುದಿಲ್ಲ.

"ಮಗುವಿಗೆ ಈಗಲೇ ಆ ಹಣೆಪಟ್ಟಿ ಯಾಕೆ?" ಎಂದು ಹಿರಿಯರು ಕೇಳುತ್ತಾರೆ. ಅವರ ನೋವು ಅರ್ಥವಾಗುತ್ತದೆ. ಕಾರ್ಡು ಬೀರುವಿನಲ್ಲಿ ಇರುತ್ತದೆ, ಮಗುವಿನ ಹಣೆಯ ಮೇಲೆ ಅಲ್ಲ.

ಹೆಜ್ಜೆ 9: ಒಂದು ನೋಟ್‌ಬುಕ್, ಮತ್ತು ಅಮ್ಮನ ನಿದ್ದೆ

ಬಾಣಂತಿಗೆ ಎರಡು ವಾರ ದಾಟಿದರೂ ಅಳು ನಿಲ್ಲುತ್ತಿಲ್ಲ, ನಿದ್ದೆ ಇಲ್ಲ, ಮಗುವನ್ನು ನೋಡಲೂ ಮನಸ್ಸಿಲ್ಲ ಎಂದಾದರೆ ಅದಕ್ಕೂ ಡಾಕ್ಟರ್ ಬೇಕು. "ಮಗು ಹೊಟ್ಟೆಯಲ್ಲಿದ್ದಾಗ ನಾನು ಗ್ರಹಣ ನೋಡಿದೆ, ಭಾರ ಎತ್ತಿದೆ" ಎಂದು ತನ್ನನ್ನೇ ಬೈದುಕೊಳ್ಳುವ ಅಮ್ಮಂದಿರನ್ನು ಎಷ್ಟು ಜನರನ್ನು ನೋಡಿದ್ದೇನೋ. ಭುಜ ಸಿಕ್ಕಿಕೊಳ್ಳುವುದಕ್ಕೂ ಅದಕ್ಕೂ ಸಂಬಂಧ ಇಲ್ಲ. ವ್ಯಾಯಾಮದ ಪಾಳಿ ಹಂಚಿಕೊಳ್ಳಿ. ನಮ್ಮಲ್ಲಿ ಬೆಳಗಿನದು ನನ್ನದು, ಮಧ್ಯಾಹ್ನ ಅಮ್ಮ, ರಾತ್ರಿ ಅವರಪ್ಪ.

ಇನ್ನೂರು ಪುಟದ ನೋಟ್‌ಬುಕ್ ಒಂದು ಇರಲಿ. ಎಡ ಪುಟದಲ್ಲಿ ಡಾಕ್ಟರ್ ಹೇಳಿದ್ದು, ಬಲ ಪುಟದಲ್ಲಿ ಮಗು ಮಾಡಿದ್ದು, ದಿನಾಂಕ ಸಮೇತ. ತಿಂಗಳಿಗೊಮ್ಮೆ ಅದೇ ಜಾಗದಲ್ಲಿ, ಅದೇ ಚಾಪೆಯ ಮೇಲೆ ಒಂದು ನಿಮಿಷದ ವಿಡಿಯೋ. ದಿನಾ ನೋಡುವವರಿಗೆ ಬದಲಾವಣೆ ಕಾಣುವುದಿಲ್ಲ, ಹಳೆ ವಿಡಿಯೋ ಪಕ್ಕ ಇಟ್ಟರೆ ಕಾಣುತ್ತದೆ. ಎರಡು ತಿಂಗಳ ವಿಡಿಯೋದಲ್ಲಿ ಏನೂ ಬದಲಾಗಿಲ್ಲ ಅನ್ನಿಸಿದರೆ ಅದನ್ನೂ ತೋರಿಸಿ, "ಬೇರೆ ಏನಾದರೂ ಮಾಡೋಣವಾ ಮೇಡಂ?" ಎಂದು ಕೇಳಿ.

ಮೊದಲ ಹುಟ್ಟುಹಬ್ಬಕ್ಕೆ ಪೂರ್ತಿ ತಪಾಸಣೆ ಮತ್ತೊಮ್ಮೆ ಮಾಡಿಸಿ: ಕೂರುವುದು, ನಿಲ್ಲುವುದು, ಕೈ, ಕಿವಿ, ಕಣ್ಣು, ಮಾತು. ಚೆನ್ನಾಗಿದ್ದರೂ ಎರಡು ವರ್ಷದವರೆಗೆ ತೋರಿಸುತ್ತಿರಿ. ಮೂರು ವರ್ಷಕ್ಕೆ ಅಂಗನವಾಡಿಗೆ ಎಲ್ಲ ಮಕ್ಕಳ ಜೊತೆ ಸೇರಿಸಿ. ಡಿಇಐಸಿ ಬಾಗಿಲು 18 ವರ್ಷದವರೆಗೆ ತೆರೆದಿರುತ್ತದೆ.

ಮಗಳ ಬಲ ಭುಜ ಇವತ್ತಿಗೂ ಪೂರ್ತಿ ಮೇಲೆ ಹೋಗುವುದಿಲ್ಲ. ಜಡೆ ತಾನೇ ಹಾಕಿಕೊಳ್ಳುತ್ತಾಳೆ, ಕೈ ಎತ್ತುವ ಬದಲು ತಲೆಯನ್ನು ಬಲಕ್ಕೆ ಬಗ್ಗಿಸಿ. ನೋಟ್‌ಬುಕ್‌ನ ಬಲ ಪುಟದಲ್ಲಿ ಕೊನೆಯದಾಗಿ ಬರೆದಿರುವುದು ಅದೇ.